ಮತಪ್ರಮಾಣಕ್ಕೆ ತಕ್ಕ ಸ್ಥಾನ: ನಮಗೆ ಒಗ್ಗುವುದು ಯಾವ ಪದ್ಧತಿ?

ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುವ ಈಗಿನ ಪದ್ಧತಿಯನ್ನು ಬಿಟ್ಟು, ಪಕ್ಷಗಳ ಮತಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ಪದ್ಧತಿಯನ್ನು ಭಾರತ ಅಳವಡಿಸಿಕೊಳ್ಳಬೇಕೇ ಎಂದು ತಾವು ಕೇಳಿದ್ದೀರಿ. ಮಿಶ್ರ ರೂಪದಲ್ಲಿ ಅಳವಡಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೊಂದು ಷರತ್ತಿದೆ.

ಈಗಿನ ಪದ್ಧತಿಯ ದೋಷ ಕಾಣಲು ದೂರ ಹೋಗಬೇಕಿಲ್ಲ. 2018ರ ಮೇ ತಿಂಗಳಲ್ಲಿ ನಮ್ಮ ವಿಧಾನಸಭೆಯ 222 ಕ್ಷೇತ್ರಗಳ ಫಲಿತಾಂಶ ಬಂದಾಗ, ಸುಮಾರು ಶೇ. 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗೆ 78 ಸ್ಥಾನಗಳೂ, ಸುಮಾರು ಶೇ. 36ರಷ್ಟು ಪಡೆದ ಬಿಜೆಪಿಗೆ 104 ಸ್ಥಾನಗಳೂ ದಕ್ಕಿದವು. 2014ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಪ್ರದೇಶದ ಐದರಲ್ಲೊಂದು ಪಾಲಿನಷ್ಟು ಮತ ಗಳಿಸಿದ ಬಿಎಸ್‌ಪಿ ಒಂದು ಸ್ಥಾನವನ್ನೂ ಗೆಲ್ಲಲಿಲ್ಲ. ಅಷ್ಟು ಜನರ, ಅವರಲ್ಲೂ ಬಹುಪಾಲು ದಲಿತರ, ಮತಕ್ಕೆ ಸದನದಲ್ಲಿ ದನಿಯೇ ಇಲ್ಲದಂತಾದದ್ದು ನನಗೆ ಇಂದಿಗೂ ಅನ್ಯಾಯವಾಗಿಯೇ ತೋರುತ್ತದೆ.

ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳಲ್ಲಿರುವಂತೆ 1, 2, 3 ಎಂದು ಪ್ರಾಶಸ್ತ್ಯ ಗುರುತಿಸುವ ಕ್ರಮ ಸಾಲದೇ ಎಂದು ಕೆಲವರು ಕೇಳುತ್ತಾರೆ. ಗೆದ್ದವರಿಗೆ ಹೆಚ್ಚು ಜನರ ಒಪ್ಪಿಗೆ ಇರುವಂತೆ ಅದು ನೋಡಿಕೊಳ್ಳುತ್ತದೆಯೇ ಹೊರತು, ಕ್ಷೇತ್ರಕ್ಕೊಬ್ಬರೇ ಆಯ್ಕೆಯಾಗುವಲ್ಲಿ ಮತಕ್ಕೂ ಸ್ಥಾನಕ್ಕೂ ಇರುವ ಅಂತರವನ್ನು ಹೋಗಲಾಡಿಸುವುದಿಲ್ಲ.

ನ್ಯೂಜಿಲೆಂಡಿನಲ್ಲಿ 1978 ಮತ್ತು 1981ರಲ್ಲಿ ಲೇಬರ್ ಪಕ್ಷ ಹೆಚ್ಚು ಮತ ಪಡೆದರೂ ಅಧಿಕಾರ ನ್ಯಾಷನಲ್ ಪಕ್ಷದ ಕೈಯಲ್ಲೇ ಉಳಿಯಿತು. ಅಲ್ಲಿನ ಜನ 1993ರ ಜನಮತಗಣನೆಯಲ್ಲಿ ಮಿಶ್ರ ಪದ್ಧತಿಯನ್ನು ಆರಿಸಿಕೊಂಡರು. 1996ರಿಂದ ಪ್ರತಿ ಮತದಾರರೂ ಕ್ಷೇತ್ರದ ಅಭ್ಯರ್ಥಿಗೊಂದು, ಪಕ್ಷಕ್ಕೊಂದು ಮತ ಹಾಕುತ್ತಾರೆ. ಕ್ಷೇತ್ರದ ಪ್ರತಿನಿಧಿಯೂ ಉಳಿಯುತ್ತಾರೆ, ಮಿಕ್ಕ ಸ್ಥಾನಗಳನ್ನು ಪಕ್ಷಗಳು ಮೊದಲೇ ಕ್ರಮವಾಗಿ ಬರೆದುಕೊಟ್ಟ ಅಭ್ಯರ್ಥಿಗಳ ಪಟ್ಟಿಯಿಂದ ತುಂಬುವುದರಿಂದ ಒಟ್ಟು ಸ್ಥಾನಗಳು ಪಕ್ಷದ ಮತಕ್ಕೂ ಹೊಂದುತ್ತವೆ. ನಮ್ಮಲ್ಲಿಯೂ 1999ರಲ್ಲಿ ಕಾನೂನು ಆಯೋಗವು ತನ್ನ 170ನೇ ವರದಿಯಲ್ಲಿ ಲೋಕಸಭೆಯ ಸ್ಥಾನಗಳನ್ನು ಕಾಲುಭಾಗದಷ್ಟು ಹೆಚ್ಚಿಸಿ, ಹೆಚ್ಚುವರಿ ಸ್ಥಾನಗಳನ್ನು ಪಕ್ಷಗಳ ಪಟ್ಟಿಯಿಂದ ತುಂಬುವಂತೆ ಸೂಚಿಸಿತ್ತು.

ಪ್ರಮಾಣಾನುಗುಣ ಪದ್ಧತಿಯಿಂದ ಸದನ ಛಿದ್ರವಾಗಿ ಸರ್ಕಾರಗಳು ಅಸ್ಥಿರವಾಗುತ್ತವೆ ಎಂದು ಅಂಬೇಡ್ಕರ್ ಅವರು 1949ರ ಜನವರಿಯಲ್ಲಿ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಆ ಆತಂಕವನ್ನು ನಾನು ಗೌರವಿಸುತ್ತೇನೆ, ಆದರೆ ಸಮ್ಮಿಶ್ರ ಸರ್ಕಾರಗಳು ಈಗಿನ ಪದ್ಧತಿಯಲ್ಲೂ ಬಂದಿವೆ, ಬಿದ್ದಿವೆ; ತೀರಾ ಸಣ್ಣ ಪಕ್ಷಗಳನ್ನು ತಡೆಯಲು ನ್ಯೂಜಿಲೆಂಡಿನಂತೆ ಶೇ. 5ರಷ್ಟು ಮತದ ಕನಿಷ್ಠ ಮಿತಿ ಹಾಕಬಹುದು.

ನನ್ನನ್ನು ನಿಜಕ್ಕೂ ಕಾಡುವುದು ಪಟ್ಟಿ ಬರೆಯುವವರು ಯಾರು ಎಂಬ ಪ್ರಶ್ನೆ. ಬಿ ಫಾರಂಗಾಗಿ ದೆಹಲಿಯ ಬಾಗಿಲು ಕಾಯುವ ನಮ್ಮ ರಾಜಕಾರಣದಲ್ಲಿ ಪಟ್ಟಿಯೂ ಹೈಕಮಾಂಡಿನ ಕೈಗೆ ಹೋದರೆ, ಪಕ್ಷಾಂತರ ನಿಷೇಧ ಕಾಯ್ದೆಯಿಂದ ಈಗಾಗಲೇ ಕೈಕಟ್ಟಿದಂತಿರುವ ಶಾಸಕರಿಗೆ ಇರುವ ಅಲ್ಪ ಸ್ವಾತಂತ್ರ್ಯವೂ ಹೋಗುತ್ತದೆ. ಆದ್ದರಿಂದ ಪಟ್ಟಿಯ ಕ್ರಮವನ್ನು ಪಕ್ಷದ ಸದಸ್ಯರು ಗುಪ್ತ ಮತದಾನದ ಮೂಲಕ, ಚುನಾವಣಾ ಆಯೋಗದ ನಿಗಾದಲ್ಲಿ ನಿರ್ಧರಿಸಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೀಸಲಾತಿ ಪಟ್ಟಿಗೂ ಅನ್ವಯಿಸಬೇಕು ಎಂಬುದೇ ನನ್ನ ಷರತ್ತು. ಇವೆರಡೂ ಕಾನೂನಿನಲ್ಲಿ ಸೇರದಿದ್ದರೆ ನಾನು ಬದಲಾವಣೆಯ ವಿರುದ್ಧವೇ ಮತ ಹಾಕುತ್ತೇನೆ.