ಅಳ್ನಾವರದ ಕಡೆ ಫೋನ್ ಹತ್ತುತ್ತದೆಯೇ?

ಬೆಂಗಳೂರಿನಿಂದ ವರ್ಗವಾಗಿ ಅಳ್ನಾವರಕ್ಕೆ ಬರುತ್ತಿರುವ ತಾವು, ಇಲ್ಲಿ ನೆಟ್‌ವರ್ಕ್ ಹೇಗಿದೆ, ಬರುವ ಮೊದಲು ಹೊಸ ಫೋನ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ನೆಟ್‌ವರ್ಕ್ ಇದೆ. ಆದರೆ ಅದು ಮನೆಯ ಯಾವ ಮೂಲೆಯಲ್ಲಿದೆ ಎಂಬುದನ್ನು ಪ್ರತಿಯೊಬ್ಬರೂ ತಾವೇ ಹುಡುಕಿಕೊಳ್ಳಬೇಕಾಗುತ್ತದೆ.

ನಮ್ಮದು ಧಾರವಾಡ ಜಿಲ್ಲೆಯ ಪಶ್ಚಿಮದ ಅಂಚು. ಒಂದು ಕಡೆ ಖಾನಾಪುರ, ಇನ್ನೊಂದು ಕಡೆ ಹಳಿಯಾಳ. ಎರೆಹೊಲ ಮುಗಿದು ಭತ್ತದ ಗದ್ದೆ, ಕಾಡು ಶುರುವಾಗುವ ಜಾಗ. ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಎಲ್ಲವೂ ಕಿವಿಗೆ ಬೀಳುತ್ತವೆ, ‘ರೇಂಜ್’ ಎಂಬ ಶಬ್ದ ಮಾತ್ರ ನಾಲ್ಕು ಭಾಷೆಗಳಿಗೂ ಒಂದೇ.

ಅಕ್ಕನನ್ನು ನವಲಗುಂದದ ಕಡೆ ಕೊಟ್ಟಿದ್ದೇವೆ. ಜಿಲ್ಲೆ ಒಂದೇ ಆದರೂ ಅಲ್ಲಿ ಕಣ್ಣು ಹಾಯುವವರೆಗೂ ಬಯಲು. ಕಡಲೆ ಕೀಳಲು ಹೊಲಕ್ಕೆ ಹೋದವರಿಗೂ ವಿಡಿಯೋ ಕಾಲ್ ಸಲೀಸಾಗಿ ಹತ್ತುತ್ತದೆ. ಆದರೆ ಅಕ್ಕನದು ಮೇಲ್ಮುದ್ದೆಯ ಹಳೆಯ ಮನೆ, ಮೊಳಕ್ಕಿಂತ ದಪ್ಪನೆಯ ಮಣ್ಣಿನ ಗೋಡೆ. ಹೊಸ್ತಿಲು ದಾಟಿದೊಡನೆ ಕಡ್ಡಿಗಳು ಒಂದೊಂದಾಗಿ ಅಳಿಯುತ್ತವೆ. ಆದ್ದರಿಂದ ಅವಳು ಬೆಳಕಿಂಡಿಯ ನೇರಕ್ಕೆ ರೊಟ್ಟಿಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಫೋನ್ ಇಟ್ಟು, ಸ್ಪೀಕರ್ ಹಚ್ಚಿ ರೊಟ್ಟಿ ಬಡಿಯುತ್ತ ಮಾತನಾಡುತ್ತಾಳೆ. ಬಡಿಯುವ ಸದ್ದಿನ ನಡುವಿನಿಂದ ಅವಳ ಮಾತನ್ನು ನಾನು ಹೆಕ್ಕಿಕೊಳ್ಳಬೇಕು. ನಮ್ಮೂರಿನಲ್ಲಿ ಇದು ತಿರುಗುಮುರುಗು. ಮನೆ ಹಂಚಿನದು, ಗೋಡೆ ತೆಳು, ಆದರೆ ಟವರಿಗೂ ಊರಿಗೂ ನಡುವೆ ದಿನ್ನೆ ಮತ್ತು ಮರಗಳಿವೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಇಳಿಯಿತೆಂದರೆ ಇದ್ದ ಒಂದು ಕಡ್ಡಿಯೂ ಹೋಗುತ್ತದೆ.

ಹೊಸ ಫೋನಿನ ಪ್ರಶ್ನೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ. ದೇಶದಲ್ಲಿ 2022ರ ಅಕ್ಟೋಬರ್ 1ರಂದು 5ಜಿ ಆರಂಭವಾದ ಮೇಲೆ ಹುಬ್ಬಳ್ಳಿಯಲ್ಲಿ ಆ ವೇಗವನ್ನು ಕಂಡು ಬಂದ ನಮ್ಮ ಕಾಕಾ, ಅಂಗಡಿಯವರ ಮಾತು ನಂಬಿ ದುಬಾರಿ ಫೋನ್ ತಂದರು. ಊರಿಗೆ ಬಂದು ನೋಡಿದರೆ ಅದೇ 4ಜಿ, ಅವೇ ಎರಡು ಕಡ್ಡಿ. 5ಜಿಗೆ ಹೆಚ್ಚಿನ ವೇಗ ಕೊಡುವ 3,500 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳು ಒಮ್ಮೆಗೇ ಬಹಳ ಮಾಹಿತಿಯನ್ನು ಹೊರುತ್ತವೆಯಾದರೂ ಬೇಗ ದಣಿಯುತ್ತವೆ, ಗೋಡೆ ಮತ್ತು ಗಿಡಮರಗಳಿಗೆ ಸೋಲುತ್ತವೆ. 700 ಮೆಗಾಹರ್ಟ್ಸ್‌ನ ತರಂಗಗಳಿಗೆ ಅಷ್ಟು ವೇಗವಿಲ್ಲ, ಆದರೆ ಅವು ದೂರ ಸಾಗುತ್ತವೆ, ಮನೆಯೊಳಗೂ ನುಗ್ಗುತ್ತವೆ. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ದೇಶಕ್ಕೆ ಅರ್ಪಿಸಿದಾಗ ಬಳಸಿದ್ದು 700 ಮತ್ತು 2,100 ಮೆಗಾಹರ್ಟ್ಸ್ ತರಂಗಗಳನ್ನು. ಈ 700ಕ್ಕೆ ಫೋನಿನ ಭಾಷೆಯಲ್ಲಿ ‘ಬ್ಯಾಂಡ್ 28’ ಎನ್ನುತ್ತಾರೆ. ಹಳೆಯ 4ಜಿ ಫೋನುಗಳಲ್ಲಿ ಅನೇಕವಕ್ಕೆ ಆ ಬ್ಯಾಂಡ್ ಇಲ್ಲ; ಎದುರಿಗೆ ಟವರ್ ಇದ್ದರೂ ಅಂಥ ಫೋನಿಗೆ ಆ ಸಿಗ್ನಲ್ ಕಾಣುವುದೇ ಇಲ್ಲ.

ಹಾಗಾಗಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು 4ಜಿಯಲ್ಲಿ ಬ್ಯಾಂಡ್ 28, 5ಜಿಯಲ್ಲಿ ಎನ್28 (ಅದೇ 700) ಮತ್ತು ಎನ್78 (3,500ರ ಆಸುಪಾಸಿನದು) ಇವೆಯೇ ಎಂದು ನೋಡಿಕೊಳ್ಳಿ. ವೈಫೈ ಕಾಲಿಂಗ್ ಇರಲಿ. ಮನೆಗೆ ಬ್ರಾಡ್‌ಬ್ಯಾಂಡ್ ಬಂದರೆ ಟವರಿನ ಹಂಗಿಲ್ಲದೆ ಮಾತನಾಡಬಹುದು. ಎರಡು ಸಿಮ್‌ಗಳನ್ನು ಬೇರೆ ಬೇರೆ ಕಂಪನಿಗಳಿಂದ ತೆಗೆದುಕೊಳ್ಳಿ. ಸಿಗ್ನಲ್ ದುರ್ಬಲವಾದಷ್ಟೂ ಫೋನ್ ಟವರನ್ನು ತಲುಪಲು ಹೆಚ್ಚು ಶಕ್ತಿ ಸುರಿಯುವುದರಿಂದ ಬೆಂಗಳೂರಿನಲ್ಲಿ ರಾತ್ರಿಯವರೆಗೆ ಬರುತ್ತಿದ್ದ ಬ್ಯಾಟರಿ ಇಲ್ಲಿ ಮಧ್ಯಾಹ್ನಕ್ಕೇ ಮುಗಿದರೆ ಫೋನನ್ನು ದೂರಬೇಡಿ.

ಇನ್ನು ಬಾಡಿಗೆ ಮನೆ ನೋಡಲು ಬಂದಾಗ ನೀರು, ಬೆಳಕು ವಿಚಾರಿಸಿದ ಮೇಲೆ ಅಡುಗೆಮನೆಯೊಳಗೆ ನಿಂತು ಬಾಗಿಲು ಹಾಕಿಕೊಂಡು ನನಗೊಂದು ಕಾಲ್ ಮಾಡಿ. ನನ್ನ ಫೋನ್ ರಿಂಗಾದರೆ ಅಡ್ವಾನ್ಸ್ ಕೊಡಬಹುದು.