ಹಳೇ ತಂಬಾಕು ಬ್ಯಾರನ್‌ಗಳ ಫೋಟೊ: ಸೀಮಿತ ಆವೃತ್ತಿಗೆ ಎಷ್ಟು ಪ್ರತಿ, ಯಾವ ಕಾಗದ?

ಹುಣಸೂರು, ಪಿರಿಯಾಪಟ್ಟಣ ಕಡೆಯ ಹಳೇ ತಂಬಾಕು ಬ್ಯಾರನ್‌ಗಳ, ಅಂದರೆ ತಂಬಾಕಿನ ಎಲೆ ಹದಮಾಡುವ ಕಟ್ಟಡಗಳ, ಫೋಟೊ ತೆಗೆದಿದ್ದೀರಿ, ಸೀಮಿತ ಆವೃತ್ತಿಯಾಗಿ ಮಾರಬೇಕು ಅಂದಿದ್ದೀರಿ. ಕಾಗದದ ಮಾತಿಗೆ ಮುಂಚೆ ಸಂಖ್ಯೆ ತೀರ್ಮಾನವಾಗಲಿ. ಹೊಸಬರಿಗೆ ಒಂದು ಚಿತ್ರಕ್ಕೆ 10ರಿಂದ 15 ಪ್ರತಿ ಸಾಕು. ಈ ಎಣಿಕೆಯ ಹೊರಗೆ, ಕಲಾವಿದರ ಪ್ರತಿ ಎಂದು ನಿಮಗಾಗಿ ಇನ್ನೊಂದೆರಡು ಇಟ್ಟುಕೊಳ್ಳಬಹುದು. ಹೆಚ್ಚಿನವರು ಎಡವುವುದು ಅಳತೆಯಲ್ಲಿ. 12×18 ಇಂಚಿನಲ್ಲಿ 15 ಮಾರಿ, ಆಮೇಲೆ 20×30ರಲ್ಲಿ ಹೊಸದಾಗಿ 15 ಶುರುಮಾಡಿದರೆ ಮೊದಲು ಕೊಂಡವರಿಗೆ ಅದು ಮೋಸವೇ. ಎಲ್ಲ ಅಳತೆಯೂ ಸೇರಿ ಒಟ್ಟು ಇಷ್ಟೇ ಎಂದು ಮೊದಲ ಪ್ರತಿ ಕೈಬಿಡುವ ಮುನ್ನ ಬರೆದಿಡಿ. ಯಾವ ನಂಬರು ಯಾರಿಗೆ ಹೋಯಿತು ಎಂಬುದಕ್ಕೆ ಒಂದು ಪುಸ್ತಕವೂ ಇರಲಿ.

ಕಾಗದವನ್ನು ಚಿತ್ರವೇ ಆರಿಸಬೇಕು. ಹೊರಗಿನ ಮಣ್ಣಿನ ಗೋಡೆ, ಬೆಳಗಿನ ಓರೆ ಬಿಸಿಲಿನಲ್ಲಿ ಎದ್ದು ಕಾಣುವ ಬಿರುಕು, ಗಾರೆಯ ಉಬ್ಬುತಗ್ಗು: ಇವಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಆಸುಪಾಸಿನ, ನೂರಕ್ಕೆ ನೂರು ಹತ್ತಿಯ, ಹೊಳಪಿಲ್ಲದ ಮ್ಯಾಟ್ ಕಾಗದ ಬಲು ಚೆಂದ. ಆದರೆ ಒಳಗಿನ ಮಸಿ ಹಿಡಿದ ಗೋಡೆ, ಕತ್ತಲಲ್ಲಿರುವ ಬಿಸಿಗಾಳಿಯ ಕೊಳವೆಗಳು ಮ್ಯಾಟ್‌ನಲ್ಲಿ ಬೂದಿಬಣ್ಣಕ್ಕೆ ತಿರುಗಿ ಸಪ್ಪೆಯಾಗುತ್ತವೆ, ಏಕೆಂದರೆ ಮ್ಯಾಟ್ ಕಾಗದಕ್ಕೆ ಕಡುಗಪ್ಪು ಬರುವುದಿಲ್ಲ. ಅಂಥವಕ್ಕೆ ಬರೈಟಾ ಬಳಸಿ, ಅದು ಬೇರಿಯಂ ಸಲ್ಫೇಟ್ ಲೇಪವಿರುವ, ತುಸು ಹೊಳಪಿನ ಕಾಗದ. ಎರಡಕ್ಕೂ ಬೇಗ ಮಾಸದ ಪಿಗ್ಮೆಂಟ್ ಶಾಯಿಯೇ ಬೇಕು. ಬಿಳುಪು ಹೆಚ್ಚಿಸಲು ರಾಸಾಯನಿಕ ಬೆರೆಸಿದ ಕಾಗದ ಬೇಡ, ವರ್ಷಗಳು ಕಳೆದಂತೆ ಅದರ ಬಿಳುಪು ಹಳದಿಗೆ ತಿರುಗುತ್ತದೆ.

ಪ್ರಿಂಟ್ ಕಪ್ಪಗೆ ಬಂತು ಎಂಬುದು ಮಾಮೂಲಿ ದೂರು. ಸಾಮಾನ್ಯವಾಗಿ ತಪ್ಪು ಲ್ಯಾಬ್‌ನದ್ದಲ್ಲ, ಪರದೆಯ ಬೆಳಕು ಜಾಸ್ತಿ ಇರುತ್ತದೆ. ಅದನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾಕ್ಕೆ (ಬೆಳಕಿನ ಅಳತೆ) ಇಳಿಸಿ, ಲ್ಯಾಬ್‌ನ ಐಸಿಸಿ ಪ್ರೊಫೈಲ್ (ಅವರ ಪ್ರಿಂಟರ್, ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆ ಎಂದು ತಿಳಿಸುವ ಕಡತ) ಹಾಕಿ ಸಾಫ್ಟ್ ಪ್ರೂಫ್, ಅಂದರೆ ಪ್ರಿಂಟ್ ಹೇಗೆ ಬರಬಹುದು ಎಂಬುದನ್ನು ಪರದೆಯಲ್ಲೇ, ನೋಡಿ. ಆಮೇಲೆ ಎ4 ಅಳತೆಯಲ್ಲಿ ಒಂದು ಪರೀಕ್ಷಾ ಪ್ರಿಂಟ್ ತೆಗೆಸಿ, ಕಿಟಕಿಯ ಬೆಳಕಿನಲ್ಲಿ ಪರೀಕ್ಷಿಸಿ. 24 ಮೆಗಾಪಿಕ್ಸೆಲ್ ಕಡತದಲ್ಲಿ 6000×4000 ಪಿಕ್ಸೆಲ್ ಇರುತ್ತದೆ. 300 ಪಿಪಿಐಗೆ (ಇಂಚಿಗೆ ಇಷ್ಟು ಪಿಕ್ಸೆಲ್) ಅದು ಸುಮಾರು 20×13 ಇಂಚು. 30 ಇಂಚಿಗೆ ಹಿಗ್ಗಿಸಿದರೆ 200 ಪಿಪಿಐ ಮಾತ್ರ ಉಳಿದು, ಹತ್ತಿರದಿಂದ ನೋಡುವವರಿಗೆ ಹೆಂಚಿನ ಅಂಚು ಮೆತ್ತಗೆ ಕಾಣುತ್ತದೆ.

ಬ್ಯಾರನ್ ಎತ್ತರದ ಕಟ್ಟಡ. ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿದರೆ ಗೋಡೆಗಳು ಒಳಕ್ಕೆ ವಾಲುತ್ತವೆ. ಅದನ್ನು ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡುವಾಗ ಮೇಲ್ಭಾಗ ಹಿಗ್ಗಿ ವಿವರ ಹಾಳಾಗುತ್ತದೆ. ಹಿಂದೆ ಸರಿದು, 50ರಿಂದ 85 ಎಂಎಂ ಲೆನ್ಸಿನಲ್ಲಿ, ಟ್ರೈಪಾಡ್ ಮೇಲೆ, ಸೆನ್ಸರ್ ಗೋಡೆಗೆ ಸಮಾನಾಂತರವಾಗಿಟ್ಟು ಎಫ್/8ರಲ್ಲಿ ತೆಗೆಯಿರಿ. ಮಾಲೀಕರ ಒಪ್ಪಿಗೆ ಮೊದಲೇ ಕೇಳಿ.

ಮ್ಯಾಟ್ ಕಾಗದವಾದರೆ ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲಿನಿಂದ ಎಡಕ್ಕೆ 3/15 (ಹದಿನೈದರಲ್ಲಿ ಮೂರನೆಯದು) ಎಂಬಂತೆ ನಂಬರು, ಬಲಕ್ಕೆ ಸಹಿ. ಬರೈಟಾ ಮೇಲೆ ಪೆನ್ಸಿಲ್ ಹಿಡಿಯದು, ಹಿಂಬದಿಯಲ್ಲಿ ಬರೆಯಿರಿ. ಚೌಕಟ್ಟಿನಲ್ಲಿ ಆಮ್ಲರಹಿತ ಮೌಂಟ್ ಬೋರ್ಡ್ ಇಟ್ಟು ಗಾಜಿಗೂ ಚಿತ್ರಕ್ಕೂ ನಡುವೆ ಜಾಗ ಬಿಡಿಸಿ. ಗಾಜಿಗೆ ತಾಗಿದ ಪ್ರಿಂಟ್ ಮಳೆಗಾಲದ ತೇವಕ್ಕೆ ಅಂಟಿಕೊಂಡು ಬೂಸ್ಟು ಹಿಡಿಯುತ್ತದೆ. ಪ್ರಮಾಣಪತ್ರದಲ್ಲಿ ಕಾಗದ, ಶಾಯಿ, ಒಟ್ಟು ಪ್ರತಿಗಳ ಜೊತೆಗೆ ಊರು, ಚಿತ್ರ ತೆಗೆದ ವರ್ಷ, ಆಗ ಆ ಬ್ಯಾರನ್‌ನಲ್ಲಿ ಎಲೆ ಹದಮಾಡುತ್ತಿದ್ದರೋ ಇಲ್ಲವೋ ಎಂಬುದನ್ನೂ ತಪ್ಪದೆ ಬರೆಯಿರಿ.