ಇಂಗ್ಲಿಷ್‌ನ ಯಾವ ಹೊಸ ಫ್ಯಾಷನ್ ಮಾತು ಕೇಳಿದರೆ ನಿಮಗೆ ಮೈ ಉರಿಯುತ್ತದೆ?

'ರೀಚ್ ಔಟ್'. ಯೋಚಿಸಬೇಕಾದ್ದೇ ಇಲ್ಲ.

ನಮ್ಮ ಆಫೀಸಿನಲ್ಲಿ ಈಗ ಯಾರೂ ಫೋನ್ ಮಾಡುವುದಿಲ್ಲ, ಮೇಲ್ ಕಳಿಸುವುದಿಲ್ಲ, ಬಂದು ಕೇಳುವುದೂ ಇಲ್ಲ. ಎಲ್ಲರೂ 'ರೀಚ್ ಔಟ್' ಮಾಡುತ್ತಾರೆ, ಅಂದರೆ ಕೈ ಚಾಚುತ್ತಾರೆ. ಮೊನ್ನೆ ಪಕ್ಕದ ಸೀಟಿನ ಹುಡುಗ ಚಾಟ್‌ನಲ್ಲಿ 'ಜಸ್ಟ್ ರೀಚಿಂಗ್ ಔಟ್ ಟು ಯೂ' ಅಂತ ಬರೆದ. ನಮ್ಮಿಬ್ಬರ ಮಧ್ಯೆ ಇದ್ದದ್ದು ಮೂರಡಿ. ಕೈ ಚಾಚಿದ್ದರೆ ನಿಜವಾಗಿಯೂ ಸಿಗುತ್ತಿದ್ದೆ! ಅವನಿಗೆ ಬೇಕಾಗಿದ್ದದ್ದು ಚಾರ್ಜರ್.

ಸುಮ್ನೆ 'ಕಾಂಟ್ಯಾಕ್ಟ್' ಅಂದರೆ ಸಾಕಲ್ವಾ ಅಂತ ಗೊಣಗುತ್ತಿದ್ದೆ. ಆಮೇಲೆ ಅದರ ಕಥೆ ಓದಿದೆ. 'ಕಾಂಟ್ಯಾಕ್ಟ್' ಜಾಸ್ತಿ ಬಳಕೆಯಲ್ಲಿದ್ದದ್ದು ನಾಮಪದವಾಗಿ. ಜನ ಅದನ್ನು ಕ್ರಿಯಾಪದ ಮಾಡಿಕೊಂಡಾಗ ಅಮೆರಿಕದವರೇ ಕೆಂಡವಾದರು. ಈ ಬಳಕೆ ಶುರು ಮಾಡಿದವನನ್ನು ಚಿಕ್ಕಂದಿನಲ್ಲೇ ಮುಗಿಸಿಬಿಡಬೇಕಿತ್ತು ಅಂತ 1931ರಲ್ಲಿ ವೆಸ್ಟರ್ನ್ ಯೂನಿಯನ್ ಎಂಬ ಟೆಲಿಗ್ರಾಂ ಕಂಪನಿಯ ಅಧಿಕಾರಿಯೊಬ್ಬ ಬರೆದಿದ್ದ. ನನಗಿನ್ನೂ ಅಷ್ಟು ಸಿಟ್ಟು ಬಂದಿಲ್ಲ.

'ರೀಚ್ ಔಟ್' ಮೇಲೆ ನನಗೆ ಮೊದಲಿಂದಲೂ ದ್ವೇಷವೇನಿಲ್ಲ. 1979ರಲ್ಲಿ ಎಟಿ ಅಂಡ್ ಟಿ ಟೆಲಿಫೋನ್ ಕಂಪನಿ 'ರೀಚ್ ಔಟ್ ಅಂಡ್ ಟಚ್ ಸಮ್‌ಒನ್' ಅಂತ ಜಾಹೀರಾತು ಮಾಡಿತ್ತು. ದೂರದಲ್ಲಿರುವ ನಿಮ್ಮವರಿಗೆ ಒಂದು ಫೋನ್ ಮಾಡಿ ಅಂತ. ಅಲ್ಲಿ ಕೈ ಚಾಚುವುದಕ್ಕೆ ಒಂದು ಅರ್ಥವಿದೆ. ಬಾಕಿ ಬಿಲ್ ಕೇಳುವುದಕ್ಕೂ ಅದೇ ಮಾತು ಯಾಕೆ?

ಎರಡನೇ ಸ್ಥಾನ 'ವಾಟ್ಸ್ ದಿ ಆಸ್ಕ್?'ಗೆ. ನಮ್ಮಿಂದ ಏನು ಬೇಕು ಅಂತ ಕೇಳಲು 'ಕೇಳು' ಅನ್ನುವ ಕ್ರಿಯಾಪದವನ್ನೇ ನಾಮಪದ ಮಾಡಿರುವ ಮಾತು. 'ಆಸ್ಕ್' ಹಳೆಯ ಇಂಗ್ಲಿಷ್‌ನಲ್ಲೂ ನಾಮಪದವಾಗಿತ್ತು ಅಂತ ಯಾರಾದರೂ ಕಾಮೆಂಟ್ ಹಾಕುತ್ತೀರಿ, ಗೊತ್ತು. ಹಾಕಿ. ನಮ್ಮ ಮ್ಯಾನೇಜರ್ ಅದನ್ನು ಅಲ್ಲಿಂದಂತೂ ಕಲಿತಿಲ್ಲ.

ಹಾಗಂತ ನಾವೇನು ಕಡಿಮೆ ಅಲ್ಲ. 'ರೀಚ್' ಅನ್ನು ಕನ್ನಡಕ್ಕೆ ತಂದು 'ರೀಚ್ ಆದ್ಯಾ?' ಮಾಡಿಕೊಂಡಿದ್ದೇವೆ. ಅದು ಕೇಳಿದರೆ ಮಾತ್ರ ನನಗೆ ಒಂಚೂರೂ ಕಿರಿಕಿರಿ ಆಗುವುದಿಲ್ಲ. ಬಸ್ಸಿಳಿದು ಮನೆ ಸೇರುವ ಹೊತ್ತಿಗೆ ಅಪ್ಪ ದಿನಾ ಕೇಳುವ ಮಾತು ಅದು. ಅವರಿಗೆ ಗೊತ್ತಿರುವ 'ರೀಚ್' ಅದೊಂದೇ.

ಕಳೆದ ತಿಂಗಳು ಅಪ್ಪನಿಗೆ ಬ್ಯಾಂಕಿನಿಂದ ಫೋನ್ ಬಂತು. ಕೊನೆಗೆ ಆ ಹುಡುಗಿ, 'ಏನೇ ಡೌಟ್ ಇದ್ರೂ ನಮ್ಮನ್ನ ರೀಚ್ ಔಟ್ ಮಾಡಿ ಸರ್' ಅಂದಳು. ಸ್ಪೀಕರ್ ಆನ್ ಇತ್ತು. ಅಪ್ಪ ಗಡಿಯಾರ ನೋಡಿ ಹೇಳಿದರು: 'ಅಲ್ಲಿಗೆ ರೀಚ್ ಆಗೋಕೆ ಅರ್ಧ ಗಂಟೆ ಬೇಕಮ್ಮಾ. ಊಟದ ಟೈಮಲ್ಲಿ ಕೌಂಟರ್‌ನಲ್ಲಿ ಯಾರಾದ್ರೂ ಇರ್ತಾರಾ?'